ಬಾನೆಟ್ ಒಳಗೆ ಕೀ ಜೊತೆ ಬಂದು ಹೋಗುವ ಕರೆಂಟ್: ಆಲ್ಟೊ ಫಾಗ್ ಲ್ಯಾಂಪ್ ಕೆಲಸ ಎಲ್ಲಿಗೆ ಬಂತು

ಬ್ರಾಕೆಟ್ ಕೂತಿದೆ, ಲ್ಯಾಂಪ್ ಎರಡೂ ಬಂಪರಿಗೆ ಬಿಗಿದಿವೆ. ಉಳಿದಿದ್ದು ವೈರಿಂಗ್. ಮಳೆ ಹಿಡಿಯುವ ಮೊದಲು ಮುಗಿಸಲೇಬೇಕು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯಲು ಶುರು ಮಾಡಿದರೆ ನಮ್ಮ ಹಳೇ ಆಲ್ಟೊದ ಹೆಡ್‌ಲೈಟ್ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ.

ಬ್ಯಾಟರಿಯಿಂದ ನೇರ ವೈರ್ ಎಳೆದು ಒಂದು ಸ್ವಿಚ್ ಹಾಕಿದರೆ ಆಯ್ತಲ್ವಾ ಅಂದ ನನ್ನ ತಮ್ಮ. ಉರಿಯುತ್ತದೆ, ಸಂಶಯವಿಲ್ಲ. ಆದರೆ 55 ವಾಟ್‌ನ ಎರಡು ಬಲ್ಬ್ ಅಂದರೆ 110 ವಾಟ್. 12 ವೋಲ್ಟ್‌ಗೆ 9 ಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ. ನಮ್ಮದು 35 ಆಂಪಿಯರ್-ಅವರ್ ಬ್ಯಾಟರಿ. ಮನೆ ಮುಂದೆ ನಿಲ್ಲಿಸಿ ಸ್ವಿಚ್ ಆರಿಸಲು ಮರೆತರೆ ರಾತ್ರಿ ಊಟ ಮುಗಿಯುವಷ್ಟರಲ್ಲಿ ಬ್ಯಾಟರಿ ಅರ್ಧ ಖಾಲಿ. ಲ್ಯಾಂಪ್ ಬಿಡಿ, ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿದರೆ ಬರೀ ಅದರ ಕಾಯಿಲ್ ಕೂಡ ಸುಮಾರು 0.15 ಆಂಪಿಯರ್ ಎಳೆಯುತ್ತದೆ. ಅದನ್ನು ಹಗಲು ರಾತ್ರಿ ಆನ್ ಬಿಟ್ಟರೆ ದಿನಕ್ಕೆ 3.6 ಆಂಪಿಯರ್-ಅವರ್ ಹೋಯಿತು. ವಾರ ಊರಿಗೆ ಹೋಗಿ ಬಂದರೆ ಕಾರು ತಳ್ಳಬೇಕು.

ಹಾಗಾಗಿ ಪ್ಲಾನ್ ಹೀಗಿದೆ. ಬ್ಯಾಟರಿಯಿಂದ ದಪ್ಪ ವೈರ್, ಅದು 40 ಆಂಪಿಯರ್ ರಿಲೇ ದಾಟಿ ಒಂದು ಚಿಕ್ಕ ಫ್ಯೂಸ್ ಬಾಕ್ಸ್‌ಗೆ. ಕೀ ತಿರುಗಿಸಿದರೆ ಬಾಕ್ಸ್‌ಗೆ ಕರೆಂಟ್, ಕೀ ತೆಗೆದರೆ ಇಲ್ಲ. ಫಾಗ್ ಲ್ಯಾಂಪ್ ಇರಲಿ, ನಾಳೆ ಟೈರ್ ಕಂಪ್ರೆಸರ್ ಇರಲಿ, ಎಲ್ಲ ಆ ಬಾಕ್ಸ್‌ನಿಂದಲೇ. ಕಾರಿನ ಮೂಲ ವೈರಿಂಗ್‌ನಿಂದ ನನಗೆ ಬೇಕಿರುವುದು ರಿಲೇಗೆ ‘ಕೀ ಆನ್ ಆಯಿತು’ ಅಂತ ತಿಳಿಸುವ ಒಂದೇ ಒಂದು ವೈರ್. ಅದರಲ್ಲಿ ಆ 0.15 ಆಂಪಿಯರ್ ಬಿಟ್ಟರೆ ಬೇರೆ ಲೋಡ್ ಇರುವುದಿಲ್ಲ.

ಹುಡುಕಾಟ

ಕ್ಯಾಬಿನ್ ಒಳಗಿನ ಫ್ಯೂಸ್ ಬಾಕ್ಸ್‌ನಿಂದ ತರಬಹುದಿತ್ತು. ಆದರೆ ರಿಲೇ ಇರುವುದು ಬಾನೆಟ್ ಕೆಳಗೆ, ಅಲ್ಲೇ ಏನಾದರೂ ಸಿಗುತ್ತದಾ ಅಂತ ಮೊದಲು ನೋಡಿದೆ.

ಹಾರ್ನ್ ವೈರ್ ಕೈಗೆ ಸುಲಭವಾಗಿ ಸಿಗುತ್ತದೆ, ಕೆಲಸಕ್ಕೆ ಬರುವುದಿಲ್ಲ. ಕೀ ಇಲ್ಲದೆಯೂ ಹಾರ್ನ್ ಹೊಡೆಯುತ್ತದೆ ಅಂದಮೇಲೆ ಅಲ್ಲಿಗೆ ಬರುವುದು ನೇರ ಬ್ಯಾಟರಿ ಕರೆಂಟ್. ರೇಡಿಯೇಟರ್ ಫ್ಯಾನ್ ತಿರುಗುವುದು ಇಂಜಿನ್ ಬಿಸಿಯಾದಾಗ ಮಾತ್ರ. ವಾಷರ್ ಮೋಟರ್‌ಗೆ ಕರೆಂಟ್ ಬರುವುದು ಲಿವರ್ ಎಳೆದಾಗ. ಆಲ್ಟರ್ನೇಟರ್‌ನ ಚಿಕ್ಕ ಪ್ಲಗ್‌ನಲ್ಲಿ ಚಾರ್ಜ್ ಲೈಟಿನ ವೈರ್ ಇದೆ, ಅದಕ್ಕೆ ಇನ್ನೊಂದು ಲೋಡ್ ನೇತುಹಾಕುವುದು ನನಗೆ ಇಷ್ಟವಿಲ್ಲ.

ಸ್ಪಾರ್ಕ್ ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ನ ಪ್ಲಸ್ ವೈರ್ ಬಗ್ಗೆ ಮಾತ್ರ ಸ್ವಲ್ಪ ಹೇಳಲೇಬೇಕು. ಕಾರ್ಬುರೇಟರ್ ಕಾಲದಿಂದ ಎಲೆಕ್ಟ್ರಿಷಿಯನ್‌ಗಳಿಗೆ ಇದು ಪ್ರೀತಿಯ ಜಾಗ. ಕೀ ಜೊತೆ ಬರುತ್ತದೆ, ಕೀ ಜೊತೆ ಹೋಗುತ್ತದೆ, ಕಣ್ಣೆದುರೇ ಇರುತ್ತದೆ. ಆದರೆ ಅಲ್ಲಿ ನಾವು ಹಾಕಿದ ಜಾಯಿಂಟ್ ಸಡಿಲವಾದರೆ ನಿಲ್ಲುವುದು ಲ್ಯಾಂಪ್ ಅಲ್ಲ, ಇಂಜಿನ್. ಅದೂ ಘಾಟಿ ತಿರುವಿನಲ್ಲಿ. ಇಂಜೆಕ್ಟರ್, ಸೆನ್ಸರ್, ಇಸಿಯು (ಇಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ಕಡೆಯ ವೈರ್‌ಗಳಿಗೂ ಇದೇ ಮಾತು. ಸಾಲದ್ದಕ್ಕೆ ಎಷ್ಟೋ ಕಾರುಗಳಲ್ಲಿ ಇಸಿಯು ತನ್ನ ಮೇನ್ ರಿಲೇಯನ್ನು ಕೀ ತೆಗೆದ ಮೇಲೂ ಕೆಲವು ಸೆಕೆಂಡ್ ಹಿಡಿದಿಡುತ್ತದೆ. ಏರ್‌ಬ್ಯಾಗ್, ಎಬಿಎಸ್ ಇರುವ ಕಾರಾದರೆ ಆ ವೈರ್‌ಗಳಿಗೆ ಟೆಸ್ಟ್ ಲ್ಯಾಂಪ್ ಕೂಡ ತಾಗಿಸಬೇಡಿ.

ಕೊನೆಗೆ ಕಣ್ಣು ಬಿದ್ದಿದ್ದು ವೈಪರ್ ಮೋಟರ್ ಮೇಲೆ. ಬಾನೆಟ್ ಹಿಂಭಾಗದಲ್ಲಿ, ಗಾಜಿನ ಕೆಳಗೆ ಕೂತಿರುತ್ತದೆ. ವೈಪರ್ ಆಫ್ ಮಾಡಿದ ತಕ್ಷಣ ಬ್ಲೇಡ್ ಅಲ್ಲೇ ನಿಲ್ಲುವುದಿಲ್ಲ, ಕೆಳಗಿಳಿದು ಮಲಗಿ ಆಮೇಲೆ ನಿಲ್ಲುತ್ತದೆ, ಗಮನಿಸಿದ್ದೀರಲ್ವಾ? ಸ್ವಿಚ್ ಆಫ್ ಆದ ಮೇಲೂ ಮೋಟರ್‌ಗೆ ಅಷ್ಟು ದೂರ ಹೋಗಲು ಕರೆಂಟ್ ಬೇಕು. ಅದಕ್ಕಾಗಿಯೇ ಇಂಥ ಮೋಟರ್‌ಗಳ ಕನೆಕ್ಟರ್‌ನಲ್ಲಿ ಸಾಮಾನ್ಯವಾಗಿ ಒಂದು ವೈರ್‌ಗೆ ಕೀ ಆನ್ ಇರುವಷ್ಟು ಹೊತ್ತೂ 12 ವೋಲ್ಟ್ ಇರುತ್ತದೆ. ವೈಪರ್ ಸ್ವಿಚ್ ಎಲ್ಲಿದೆ ಅನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ.

ಪರೀಕ್ಷೆ

ಕನೆಕ್ಟರ್ ಬಿಚ್ಚದೆ ಹಿಂದಿನಿಂದ ಗುಂಡುಸೂಜಿ ತೂರಿಸಿ, ವೈಪರ್ ಆಫ್ ಇಟ್ಟುಕೊಂಡೇ ಮಲ್ಟಿಮೀಟರ್ ಹಿಡಿದೆ. ಕೀ ಇಲ್ಲದಾಗ ಎಲ್ಲ ಪಿನ್ ಸೊನ್ನೆ. ಕೀ ಆನ್ ಮಾಡಿದರೆ ಒಂದರಲ್ಲಿ ಮಾತ್ರ 12.4 ವೋಲ್ಟ್. ವೈರಿನ ಬಣ್ಣ ಬೇಕಂತಲೇ ಬರೆಯುತ್ತಿಲ್ಲ. ಮಾಡೆಲ್ ಬದಲಾದರೆ ಬಣ್ಣವೂ ಬದಲಾಗುತ್ತದೆ, ನಿಮ್ಮ ಕಾರಿನಲ್ಲಿ ನೀವೇ ಅಳೆದು ನೋಡಿ.

ಮೀಟರ್ 12 ತೋರಿಸಿತು ಅಂತ ಅಲ್ಲಿಗೇ ಬಿಡುವ ಹಾಗಿಲ್ಲ. ಮೀಟರ್ ಎಳೆಯುವ ಕರೆಂಟ್ ಏನೇನೂ ಇಲ್ಲ, ತುಕ್ಕು ಹಿಡಿದ ಜಾಯಿಂಟ್‌ನ ಆಚೆಯೂ ಅದು 12 ಓದುತ್ತದೆ. ಅದಕ್ಕೇ 5 ವಾಟ್‌ನ ಪಾರ್ಕಿಂಗ್ ಬಲ್ಬ್‌ಗೆ ಎರಡು ವೈರ್ ಬೆಸುಗೆ ಹಾಕಿಟ್ಟುಕೊಂಡಿದ್ದೇನೆ. ಅದು ಸುಮಾರು 0.4 ಆಂಪಿಯರ್ ಎಳೆಯುತ್ತದೆ, ರಿಲೇ ಕಾಯಿಲ್‌ಗಿಂತ ಜಾಸ್ತಿ. ಬಲ್ಬ್ ಚೆನ್ನಾಗಿ ಉರಿಯಿತು. ಉರಿಯುವಾಗ ಮೀಟರ್ ಇಳಿದಿದ್ದು 0.1 ವೋಲ್ಟ್ ಮಾತ್ರ.

ಆಮೇಲೆ ತಮ್ಮನನ್ನು ಕೂರಿಸಿ ಸೆಲ್ಫ್ ಹೊಡೆಸಿದೆ. ಸೆಲ್ಫ್ ತಿರುಗುವಷ್ಟು ಹೊತ್ತು ಬಲ್ಬ್ ಪೂರ್ತಿ ಆರಿತು, ಇಂಜಿನ್ ಹತ್ತಿ ಕೀ ಹಿಂದಕ್ಕೆ ಬಂದ ಕೂಡಲೇ ಉರಿಯಿತು. ನೋಡಿ ಖುಷಿಯಾಯಿತು. ಇಗ್ನಿಷನ್ ಸ್ವಿಚ್‌ನಿಂದ ಹೊರಡುವ ಲೈನ್‌ಗಳೆಲ್ಲ ಒಂದೇ ಥರ ಅಲ್ಲ. ಇಂಜಿನ್‌ಗೆ ಬೇಕಾದ್ದು ಸೆಲ್ಫ್ ಹೊಡೆಯುವಾಗಲೂ ಇರುತ್ತದೆ. ಬ್ಲೋವರ್, ವೈಪರ್ ಥರದ್ದನ್ನು ಆ ಹೊತ್ತಿಗೆ ಕಡಿದು, ಬ್ಯಾಟರಿಯನ್ನು ಸೆಲ್ಫ್‌ಗೆ ಬಿಟ್ಟುಕೊಡುವುದು ಸಾಮಾನ್ಯ ಪದ್ಧತಿ. ಈ ಲೈನ್ ಹಿಡಿದರೆ ಸ್ಟಾರ್ಟ್ ಮಾಡುವಾಗ ಫಾಗ್ ಲ್ಯಾಂಪ್ ತಾನಾಗಿಯೇ ಆರಿರುತ್ತದೆ.

ಜೋಡಣೆ

ವೈಪರ್ ವೈರ್ ಕತ್ತರಿಸಿ, ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು ವೈರ್ (ಒಂದು ವೈಪರ್‌ಗೆ, ಒಂದು ನನ್ನ ರಿಲೇಗೆ) ಹೋಗುವ ಹಾಗೆ ಕ್ರಿಂಪ್ ಮಾಡಿದೆ, ಅಂದರೆ ಲೋಹದ ಕೊಳವೆಯೊಳಗೆ ಒತ್ತಿ ಬಿಗಿದೆ. ಮೇಲೆ ಅಂಟು ಇರುವ ಹೀಟ್ ಶ್ರಿಂಕ್, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ. ಸುಲಿದು ಸುತ್ತಿ ಬರೀ ಟೇಪ್ ಹಾಕುವ ಪದ್ಧತಿ ಇಂಜಿನ್ ಬಿಸಿಗೆ ಒಂದು ಬೇಸಿಗೆಯೂ ತಾಳುವುದಿಲ್ಲ. ಜಾಯಿಂಟ್‌ನಿಂದ ನಾಲ್ಕು ಬೆರಳು ದೂರದಲ್ಲಿ 2 ಆಂಪಿಯರ್ ಫ್ಯೂಸ್ ಹಾಕಿದೆ. ಇದು ಅತಿಯಾಯಿತು ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ನನ್ನ ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗಿದರೆ, ಈ ಫ್ಯೂಸ್ ಇಲ್ಲದಿದ್ದರೆ ಹಾರುವುದು ವೈಪರ್ ಫ್ಯೂಸ್. ಜಡಿಮಳೆಯಲ್ಲಿ ಫಾಗ್ ಲ್ಯಾಂಪ್ ಇಲ್ಲದೆ ಓಡಿಸಬಹುದು, ವೈಪರ್ ಇಲ್ಲದೆ ಆಗುವುದಿಲ್ಲ.

ರಿಲೇ, ಫ್ಯೂಸ್ ಬಾಕ್ಸ್, ಲಗ್ ಎಲ್ಲ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ತಂದಿದ್ದೆ. ರಿಲೇ ಪಿನ್ ನಂಬರ್ ಯಾವ ಕಂಪನಿಯದಾದರೂ ಹೆಚ್ಚುಕಮ್ಮಿ ಒಂದೇ: 30ಕ್ಕೆ ಬ್ಯಾಟರಿ, 87ರಿಂದ ಲೋಡ್, 86 ಮತ್ತು 85 ಕಾಯಿಲ್. ನನ್ನ ರಿಲೇ ಒಳಗೆ ಡಯೋಡ್ ಇದೆ. ಕಾಯಿಲ್ ಆಫ್ ಆಗುವಾಗ ಏಳುವ ಉಲ್ಟಾ ವೋಲ್ಟೇಜನ್ನು ಅದು ನುಂಗುತ್ತದೆ. ಹಾಗಾಗಿ 86ಕ್ಕೇ ಪ್ಲಸ್, 85ಕ್ಕೇ ಅರ್ತಿಂಗ್ ಕೊಡಬೇಕು. ಅದಲು ಬದಲು ಮಾಡಿದರೆ ಡಯೋಡ್ ಸೀದಾ ಶಾರ್ಟ್. ರಿಲೇಯನ್ನು ಪಿನ್ ಕೆಳಮುಖವಾಗಿ, ಎತ್ತರದಲ್ಲಿ ಬಿಗಿದಿದ್ದೇನೆ, ನೀರು ನಿಲ್ಲಬಾರದು ಅಂತ.

ಬ್ಯಾಟರಿ ಟರ್ಮಿನಲ್ ಪಕ್ಕದಲ್ಲೇ 30 ಆಂಪಿಯರ್ ಮೇನ್ ಫ್ಯೂಸ್, ಅಲ್ಲಿಂದ ಬಾಕ್ಸ್‌ಗೆ 4 ಚದರ ಮಿ.ಮೀ. ವೈರ್. ಬಾಕ್ಸ್‌ನಿಂದ ಲ್ಯಾಂಪ್‌ಗೆ 15 ಆಂಪಿಯರ್ ಫ್ಯೂಸ್, 2.5 ಚದರ ಮಿ.ಮೀ. ವೈರ್. ಲ್ಯಾಂಪ್ ಜೊತೆ ಬಂದಿದ್ದ ವೈರಿಂಗ್ ಕಿಟ್ ಕೂದಲೆಳೆಯ ಹಾಗಿತ್ತು, ತೆಗೆದಿಟ್ಟೆ.

ಡ್ಯಾಶ್‌ಬೋರ್ಡ್ ಸ್ವಿಚ್‌ಗೆ ಫಾಗ್ ಲ್ಯಾಂಪಿನದೇ ಎರಡನೇ ರಿಲೇ ಇದೆ. ಅದರ 86ಕ್ಕೆ ಪ್ಲಸ್ ಬಾಕ್ಸ್‌ನಿಂದಲೇ ಬರುತ್ತದೆ, ಸ್ವಿಚ್ ಕೂತಿರುವುದು 85ರ ಅರ್ತಿಂಗ್ ದಾರಿಯಲ್ಲಿ. ಇದರಿಂದ ಇಂಜಿನ್ ಕಡೆಯಿಂದ ಕ್ಯಾಬಿನ್‌ಗೆ ಹೋಗುವುದು ಒಂದೇ ತೆಳು ವೈರ್. ಗ್ರಾಮೆಟ್ (ವೈರ್ ದಾಟುವ ತೂತಿನ ರಬ್ಬರ್ ಬಳೆ) ಹತ್ತಿರ ಅದು ಸವೆದು ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ, ಸುಮ್ನೆ ಲ್ಯಾಂಪ್ ಹತ್ತುತ್ತದೆ ಅಷ್ಟೇ.

ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 14.1 ವೋಲ್ಟ್, ಉರಿಯುತ್ತಿರುವ ಲ್ಯಾಂಪಿನ ಹೋಲ್ಡರ್‌ನಲ್ಲಿ 13.8. ಕೀ ತೆಗೆದರೆ ‘ಟಕ್’ ಅಂತ ರಿಲೇ ಬಿಡುತ್ತದೆ, ಬಾಕ್ಸ್ ಸೊನ್ನೆ. ಫಾಗ್ ಸ್ವಿಚ್ ಆನ್ ಇದ್ದರೂ ಅಷ್ಟೇ.

ಲ್ಯಾಂಪ್ ಎತ್ತರ ಇನ್ನೂ ಸರಿ ಮಾಡಿಲ್ಲ. ಈಗಿನ ಹಾಗೆ ಹಾಕಿಕೊಂಡು ಹೋದರೆ ಎದುರಿನ ಬಸ್ಸಿನ ಡ್ರೈವರ್ ಬೈಯುವುದು ಖಂಡಿತ. ಗೋಡೆ ಮುಂದೆ ನಿಲ್ಲಿಸಿ ಕೆಳಗಿಳಿಸಬೇಕು. ಕಂಪ್ರೆಸರ್ ಸಾಕೆಟ್ ಆಮೇಲೆ ನೋಡೋಣ, ಬಾಕ್ಸ್‌ನಲ್ಲಿ ಅದಕ್ಕೆ ಒಂದು ಜಾಗ ಖಾಲಿ ಬಿಟ್ಟಿದ್ದೇನೆ.