ಚಿಕ್ಕಮಗಳೂರಿಗೆ ಕಾರ್ ರ‍್ಯಾಲಿ ನೋಡಲು ಹೊರಟಿದ್ದೀರಾ? ಮೊದಲು ಸ್ಟೆಪ್ನಿ ನೋಡಿ

ಹಾಸನದಿಂದ ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ನಾನು ಮತ್ತು ನನ್ನ ಭಾವಮೈದ. ಅವನಿಗೆ ಕಾರ್ ರೇಸ್ ಅಂದರೆ ಊಟ ತಿಂಡಿ ಏನೂ ಬೇಡ. ನನಗೆ ಅಷ್ಟು ಹುಚ್ಚಿಲ್ಲ. ಆದರೆ ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ರ‍್ಯಾಲಿ ಕಾರು ನುಗ್ಗುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು ಅನ್ನೋ ಆಸೆ ಬಹಳ ವರ್ಷದಿಂದ ಇತ್ತು. ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ 60 ಕಿಲೋಮೀಟರ್ ಚಿಲ್ಲರೆ. ಒಂದೂವರೆ ಗಂಟೆಯ ದಾರಿ. ನಮಗೆ ಮೂರೂವರೆ ಗಂಟೆ ಹಿಡಿಯಿತು.

ಹಗರೆ ದಾಟುವಾಗ ಅವನು 2013ರ ಸಿಲ್ವರ್‌ಸ್ಟೋನ್ ಕಥೆ ಹೇಳುತ್ತಿದ್ದ. ಫಾರ್ಮುಲಾ ಒನ್ ಕಾರ್ ರೇಸ್, ಬ್ರಿಟಿಷ್ ಗ್ರ್ಯಾಂಡ್ ಪ್ರೀ. ಮುಂದೆ ಓಡುತ್ತಿದ್ದ ಹ್ಯಾಮಿಲ್ಟನ್ ಕಾರಿನ ಹಿಂದಿನ ಎಡ ಟೈರ್ ಚಿಂದಿಯಾಯಿತು. ಆಮೇಲೆ ಮಾಸಾ. ಆಮೇಲೆ ವೆರ್ನ್. ಕೊನೆಗೆ ಪೆರೆಜ್. "ಒಂದೇ ರೇಸಲ್ಲಿ ನಾಲ್ಕು ಜನರದ್ದು ಭಾವ! ಮುಂದಿನ ರೇಸಿಗೆ ಹಿಂದಿನ ಟೈರ್ ಒಳಗೆ ಉಕ್ಕಿನ ಬದಲು ಕೆವ್ಲಾರ್ ಅನ್ನೋ ಗಟ್ಟಿ ನೂಲಿನ ಪಟ್ಟಿ ಹಾಕಿದ್ರು" ಅಂದ. ಅಲ್ಲಿಂದ 2005ರ ಅಮೆರಿಕದ ಇಂಡಿಯಾನಾಪೊಲಿಸ್ ರೇಸಿನ ಕಥೆಗೆ ಹೋದ. ಪ್ರಾಕ್ಟೀಸ್‌ನಲ್ಲಿ ರಾಲ್ಫ್ ಶುಮಾಕರ್ ಕಾರು ಗೋಡೆಗೆ ಹೋಗಿ ಬಡಿಯಿತು. ಆ ತಿರುವನ್ನು ಮಿಶೆಲಿನ್ ಕಂಪನಿಯ ಟೈರ್ ತಡೆಯುವುದಿಲ್ಲ ಎಂದು ಗೊತ್ತಾಗಿ, ರೇಸ್ ದಿನ 20 ಕಾರುಗಳಲ್ಲಿ ಆ ಟೈರ್ ಹಾಕಿದ್ದ 14 ಕಾರು ಶುರುವಿಗೆ ಮೊದಲೇ ಪಿಟ್ ಒಳಗೆ ಹೋಗಿಬಿಟ್ಟವು. ಬರೀ ಆರು ಕಾರು ಓಡಿದವು.

ಅಷ್ಟರಲ್ಲಿ ಒಂದು ಹಂಪ್ ಬಂತು. ಕತ್ತಲಲ್ಲಿ ಕಾಣಲಿಲ್ಲ. ಹಾರಿಸಿಬಿಟ್ಟೆ. ನೂರು ಮೀಟರ್ ಹೋಗುವುದರಲ್ಲಿ ಹಿಂದಿನಿಂದ ಪಟ್ ಪಟ್ ಪಟ್ ಸದ್ದು. ನಮ್ಮದೂ ಹಿಂದಿನ ಎಡ ಟೈರೇ. ಇಬ್ಬರಿಗೂ ನಗು ಬಂತು. ಸ್ಟೆಪ್ನಿ ತೆಗೆದು ನೆಲಕ್ಕೆ ಬಿಟ್ಟಾಗ ಅದು ಪುಟಿಯಲಿಲ್ಲ, ಹಿಟ್ಟಿನ ಚೀಲದ ಥರ ಕೂತುಬಿಟ್ಟಿತು. ಆಗ ನಗು ನಿಂತಿತು. ಮುಕ್ಕಾಲು ಗಂಟೆ ಚಳಿಯಲ್ಲಿ ನಿಂತೆವು. ಹಾಲಿನ ಗಾಡಿಯವರೊಬ್ಬರು ನಿಲ್ಲಿಸಿ ಕಾಲಲ್ಲಿ ತುಳಿಯುವ ಪಂಪ್ ಕೊಟ್ಟರು. ತುಳಿದೂ ತುಳಿದೂ ತೊಡೆ ನೋವು ಬಂತು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನೀವು ಹೋಗುವುದೂ ಬೆಳಗಿನ ಜಾವವೇ. ರ‍್ಯಾಲಿ ನೋಡುವವರು ಬೇಗ ಹೋಗಲೇಬೇಕು. ಆ ಹೊತ್ತಿನಲ್ಲಿ ದಾರಿಯಲ್ಲಿ ಒಂದೂ ಪಂಕ್ಚರ್ ಅಂಗಡಿ ತೆಗೆದಿರುವುದಿಲ್ಲ. ನನ್ನ ಗಾಡಿ ಸೆಕೆಂಡ್ ಹ್ಯಾಂಡ್. ಹಿಂದಿನ ವಾರವೇ ಒಬ್ಬರ ಹತ್ತಿರ ಟೈರ್ ತೋರಿಸಿದ್ದೆ. "ಬಟನ್ ಚೆನ್ನಾಗಿದೆ ಸರ್, ಇನ್ನೂ ಹತ್ತು ಸಾವಿರ ಓಡುತ್ತೆ" ಅಂದಿದ್ದರು. ಬಟನ್ ಚೆನ್ನಾಗಿಯೇ ಇತ್ತು. ಆದರೆ ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದಲ್ಲ, ಅದನ್ನು ನಾನೂ ನೋಡಿರಲಿಲ್ಲ, ಅವರೂ ನೋಡಿರಲಿಲ್ಲ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ನಮ್ಮದರಲ್ಲಿ 1514 ಇತ್ತು. ಅಂದರೆ 2014ರ 15ನೇ ವಾರದ ಮಾಲು. ಪಕ್ಕದ ರಬ್ಬರ್ ಕೂದಲೆಳೆಯಂತೆ ಬಿರುಕು ಬಿಟ್ಟಿತ್ತು. ಹೊರಡುವ ಹಿಂದಿನ ದಿನ ಆ ಅಂಕಿ ಓದಿ. ಸ್ಟೆಪ್ನಿಗೂ ಗಾಳಿ ಹಾಕಿಸಿ. ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ನೋಡಿಸಬೇಕು. ಬಿಸಿಯಾದ ಮೇಲೆ ನೋಡಿದರೆ ಲೆಕ್ಕ ಜಾಸ್ತಿ ತೋರಿಸುತ್ತದೆ.

ಬೇಲೂರಿನಲ್ಲಿ ಕಾಫಿಯನ್ನೂ ಕುಡಿಯದೆ ಚಿಕ್ಕಮಗಳೂರು ಮುಟ್ಟಿ, ಆಲ್ದೂರು ಕಡೆ ತಿರುಗಿಕೊಂಡೆವು. ತೋಟದ ರಸ್ತೆಯ ಬಾಯಲ್ಲಿ ಟೇಪ್ ಕಟ್ಟಿತ್ತು. ಮಾರ್ಷಲ್ ಜಾಕೆಟ್ ಹಾಕಿದ ಹುಡುಗನೊಬ್ಬ ನಿಂತಿದ್ದ. ರಸ್ತೆ ಮುಚ್ಚಿ ಆಗಲೇ ಹತ್ತು ನಿಮಿಷ ಆಗಿತ್ತು. "ಅಣ್ಣ, ಬೈಕೂ ಬಿಡಲ್ಲ, ನಡ್ಕೊಂಡು ಹೋಗೋಕೂ ಬಿಡಲ್ಲ" ಅಂದ. ಭಾವಮೈದ ಗೋಗರೆದ. ಹುಡುಗ ಜಗ್ಗಲಿಲ್ಲ. ಅವನು ಮಾಡಿದ್ದೇ ಸರಿ. 2019ರ ಸೆಪ್ಟೆಂಬರ್‌ನಲ್ಲಿ ಜೋಧಪುರದ ರ‍್ಯಾಲಿಯಲ್ಲಿ ಮುಚ್ಚಿದ ರಸ್ತೆಗೆ ಒಂದು ಬೈಕ್ ಬಂದುಬಿಟ್ಟು, ಒಂದೇ ಮನೆಯ ಮೂವರು ತೀರಿಹೋದರು. ಅದೂ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಸುತ್ತೇ.

ರ‍್ಯಾಲಿ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಇದು ಟ್ರ್ಯಾಕ್ ರೇಸ್ ಅಲ್ಲ. ಎಲ್ಲ ಕಾರು ಒಟ್ಟಿಗೆ ಓಡುವುದಿಲ್ಲ. ಒಂದೋ ಎರಡೋ ನಿಮಿಷಕ್ಕೊಂದು ಕಾರು ಬಿಡುತ್ತಾರೆ. ಗಡಿಯಾರದ ಜೊತೆ ಓಟ. ಡ್ರೈವರ್ ಪಕ್ಕದಲ್ಲಿ ಇನ್ನೊಬ್ಬ ಕೂತು, ಮೊದಲೇ ಬರೆದುಕೊಂಡ ನೋಟ್ಸ್ ನೋಡಿ ಮುಂದಿನ ತಿರುವು ಎಡವೋ ಬಲವೋ, ಎಷ್ಟು ಬಿಗಿ ಅಂತ ಅಂಕಿಯಲ್ಲಿ ಕೂಗಿ ಹೇಳುತ್ತಿರುತ್ತಾನೆ. ಮುಚ್ಚಿದ ರಸ್ತೆಯ ಆ ಭಾಗಕ್ಕೆ ಸ್ಟೇಜ್ ಅನ್ನುತ್ತಾರೆ. ಒಂದು ಸ್ಟೇಜ್ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಅದೇ ಕಾರು ಸಾಮಾನ್ಯ ರಸ್ತೆಯಲ್ಲಿ ನಮ್ಮ ನಿಮ್ಮ ಹಾಗೆ ಸಿಗ್ನಲ್‌ಗೆ ನಿಂತು ಹೋಗಬೇಕು. ಬಸ್ಸಿನ ಹಿಂದೆ ರ‍್ಯಾಲಿ ಕಾರು ಇಂಡಿಕೇಟರ್ ಹಾಕಿಕೊಂಡು ಕಾಯುವುದು ನೋಡೋಕೆ ತಮಾಷೆ.

ಒಂದು ಸ್ಟೇಜನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಓಡಿಸುತ್ತಾರೆ. ಹಾಗಾಗಿ ನಮಗೆ ಮಧ್ಯಾಹ್ನದ ಸುತ್ತು ಉಳಿದಿತ್ತು. ಅಲ್ಲಿಯವರೆಗೆ ಸರ್ವಿಸ್ ಪಾರ್ಕ್‌ಗೆ, ಅಂದರೆ ಸ್ಟೇಜ್‌ಗಳ ನಡುವೆ ಕಾರು ರಿಪೇರಿ ಮಾಡುವ ಜಾಗಕ್ಕೆ, ಹೋಗಿ ಕೂತೆವು. ನನ್ನನ್ನು ಕೇಳಿದರೆ ಮಕ್ಕಳನ್ನು ಕರೆದುಕೊಂಡು ಬರುವವರು ಸ್ಟೇಜ್‌ಗೆ ಹೋಗುವುದೇ ಬೇಡ, ಇಲ್ಲಿಗೆ ಬನ್ನಿ. ಕಾರು ಒಳಗೆ ಬಂದ ಕ್ಷಣದಿಂದ ಮೆಕ್ಯಾನಿಕ್‌ಗಳಿಗೆ ಗಡಿಯಾರ ಶುರು. ಕೊಟ್ಟ ಸಮಯ ಮೀರಿದರೆ ದಂಡದ ಸೆಕೆಂಡು ಸೇರುತ್ತದೆ. ಒಬ್ಬ ಕಾರಿನ ಕೆಳಗೆ, ಇಬ್ಬರು ಚಕ್ರದ ಹತ್ತಿರ, ಇನ್ನೊಬ್ಬ ಬಂಪರ್‌ಗೆ ಟೇಪ್ ಸುತ್ತುತ್ತಿರುತ್ತಾನೆ. ಒಂದು ಪೋಲೊ, ಪಕ್ಕದಲ್ಲೇ ಹಳೆಯ ಜಿಪ್ಸಿ. ಜಿಪ್ಸಿ ಸುತ್ತಲೇ ಜನ ಜಾಸ್ತಿ. ನಮ್ಮ ಕಡೆಯವರಿಗೆ ಜಿಪ್ಸಿ ಮೇಲಿನ ಪ್ರೀತಿ ಹೋಗುವುದಿಲ್ಲ ಬಿಡಿ.

ಅಲ್ಲಿ ಸಿಕ್ಕ ಒಬ್ಬ ವಯಸ್ಸಾದ ತೋಟದ ರೈಟರ್ (ಲೆಕ್ಕ ಬರೆಯುವವರು) ಹಳೆಯ ಮಾತು ತೆಗೆದರು. ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಸುತ್ತು ಇಲ್ಲಿ ನಡೆಯುತ್ತಿದ್ದಾಗ ಸ್ಕೋಡಾ ಕಾರುಗಳನ್ನು ತೋಟದ ಬೇಲಿ ಪಕ್ಕ ನಿಂತು ನೋಡಿದ್ದರಂತೆ. 2013, 2016, 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದ ಗೌರವ್ ಗಿಲ್ ಹೆಸರನ್ನು ಅವರು ಸ್ವಂತ ಮೊಮ್ಮಗನ ಹೆಸರು ಹೇಳಿದಷ್ಟು ಸಲೀಸಾಗಿ ಹೇಳಿದರು.

ಮಧ್ಯಾಹ್ನ ಬುದ್ಧಿ ಬಂದಿತ್ತು. ರಸ್ತೆ ಮುಚ್ಚುವುದಕ್ಕೆ ಒಂದು ಗಂಟೆ ಮೊದಲೇ ಒಳಗೆ ಹೋದೆವು. ಒಂದು ಸಲ ಒಳಗೆ ಸೇರಿದರೆ ಕೊನೆಯ ಕಾರು ಹೋಗಿ, ಹಿಂದೆ ಬರುವ ಸ್ವೀಪ್ ಕಾರು ದಾಟುವವರೆಗೆ ಹೊರಗೆ ಬರುವ ಹಾಗಿಲ್ಲ. ಮೂರು ಗಂಟೆ ಅಂದುಕೊಳ್ಳಿ. ನೀರು, ತಿಂಡಿ ಕಟ್ಟಿಕೊಂಡು ಹೋಗಿ. ಮೂಗಿಗೆ ಕಟ್ಟಲು ಒಂದು ಟವೆಲ್ ಬೇಕೇ ಬೇಕು, ಆ ಕೆಂಪು ಧೂಳು ಎರಡು ದಿನ ಕಿವಿಯಿಂದ ಹೋಗುವುದಿಲ್ಲ. ಮೊಬೈಲ್ ಸಿಗ್ನಲ್ ನಂಬಬೇಡಿ, ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಗಾಡಿಯನ್ನು ಮೂತಿ ಹೊರಗಡೆಗೆ ಮಾಡಿ ನಿಲ್ಲಿಸಿ. ಇನ್ನೊಂದು: ದಾರಿ ಬದಿಯ ಗಿಡದಲ್ಲಿ ಹಣ್ಣು ಕೆಂಪಾಗಿ ಕಾಣುತ್ತದೆ ಅಂತ ಕೀಳಬೇಡಿ. ಅದು ಒಬ್ಬರ ವರ್ಷದ ದುಡ್ಡು. ತೋಟದ ಕೆಲಸದವರ ಲೈನ್ ಮನೆಗಳ ಮುಂದೆ ನಿಲ್ಲುವುದಾದರೆ ಒಂದು ಮಾತು ಕೇಳಿ ನಿಲ್ಲಿ, ಕುಡಿಯಲು ನೀರೂ ಕೊಡುತ್ತಾರೆ.

ಎಲ್ಲಿ ನಿಲ್ಲಬೇಕು ಅನ್ನುವುದು ಇಡೀ ಪ್ರವಾಸದ ದೊಡ್ಡ ವಿಷಯ. ತಿರುವಿನ ಹೊರಗಡೆ ಯಾವತ್ತೂ ನಿಲ್ಲಬೇಡಿ. ಕಾರು ಜಾರಿದರೆ ಹೋಗುವುದು ಅಲ್ಲಿಗೇ. ಒಳಗಡೆಯೂ ರಸ್ತೆಗೆ ಅಂಟಿಕೊಂಡು ನಿಲ್ಲಬೇಡಿ, ಒಳಮೈ ಉಜ್ಜಿಕೊಂಡು ತಿರುಗುತ್ತಾರೆ. ರಸ್ತೆಗಿಂತ ಆಳೆತ್ತರ ಮೇಲಿರುವ ದಿಬ್ಬ, ಹಿಂದೆ ಓಡಲು ಜಾಗ, ಇಷ್ಟಿದ್ದರೆ ಒಳ್ಳೆಯದು. ದಿಬ್ಬದ ಅಂಚಲ್ಲಿ ಕಾಲು ಇಳಿಬಿಟ್ಟು ಕೂರುವವರು ಇರುತ್ತಾರೆ. ಕೂತವನಿಗೆ ಎದ್ದು ಓಡಲು ಎರಡು ಸೆಕೆಂಡು ಬೇಕು. 1986ರ ಪೋರ್ಚುಗಲ್ ರ‍್ಯಾಲಿಯಲ್ಲಿ ಜನ ರಸ್ತೆಗೇ ಇಳಿದು ನಿಲ್ಲುತ್ತಿದ್ದರು. ಒಂದು ಫೋರ್ಡ್ ಕಾರು ಗುಂಪಿಗೆ ನುಗ್ಗಿ ಮೂವರು ಸತ್ತರು, ಮೂವತ್ತಕ್ಕಿಂತ ಹೆಚ್ಚು ಜನರಿಗೆ ಗಾಯ. ಎರಡು ತಿಂಗಳಿಗೆ ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಅವನ ಜೊತೆಗಾರ ಸುಟ್ಟುಹೋದರು. ಆ ಎರಡೂ ಗ್ರೂಪ್ ಬಿ ಅನ್ನುವ ಭಾರೀ ವೇಗದ ವರ್ಗದ ಕಾರುಗಳು; ಆ ವರ್ಗವನ್ನೇ ಮುಂದಿನ ವರ್ಷದಿಂದ ನಿಲ್ಲಿಸಿದರು. ನಮ್ಮ ಪಕ್ಕ ನಿಂತ ಕಾಲೇಜು ಹುಡುಗರು ರಸ್ತೆಗೆ ಇಳಿದು ಸೆಲ್ಫಿ ತೆಗೆಯುತ್ತಿದ್ದರು. ಮಾರ್ಷಲ್ ಸೀಟಿ ಊದಿ ಊದಿ ಸುಸ್ತಾಗಿದ್ದ.

ಸೈರನ್ ಹಾಕಿಕೊಂಡು ಸೊನ್ನೆ ನಂಬರಿನ ಕಾರು ಹೋಯಿತು. ಅದು ಹೋದರೆ ರೇಸ್ ಬಂತು ಅಂತ ಅರ್ಥ. ಆಮೇಲೆ ಕಾಡು ಸುಮ್ಮನಾಯಿತು. ದೂರದ ತಿರುವಿನಿಂದ ಸದ್ದು ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಮೊದಲ ಕಾರು ಕಣ್ಣೆದುರು ಬಂದದ್ದೇ ಗೊತ್ತಾಗಲಿಲ್ಲ, ಧೂಳು ಮಾತ್ರ ಉಳಿಯಿತು.

ಎರಡನೇ ಸುತ್ತು ನೋಡಿದ್ದೇ ಒಳ್ಳೆಯದಾಯಿತು ಅಂತ ಈಗ ಅನಿಸುತ್ತದೆ. ಬೆಳಗ್ಗೆ ಅಷ್ಟೂ ಕಾರು ಓಡಿ ಮೇಲಿನ ಮಣ್ಣು ಎದ್ದುಹೋಗಿರುತ್ತದೆ. ಒಳಗಿನ ಕಲ್ಲು ಹಲ್ಲು ಬಿಟ್ಟುಕೊಂಡು ನಿಂತಿರುತ್ತವೆ. ಜೊತೆಗೆ ತಿರುವಿನ ಒಳಮೈ ಕತ್ತರಿಸಿಕೊಂಡು ಹೋಗುವ ಪ್ರತಿ ಕಾರೂ ಒಂದಷ್ಟು ಕಲ್ಲನ್ನು ರಸ್ತೆಗೆ ಎಳೆದು ಹಾಕುತ್ತದೆ. ಮುಂದಿನವನು ಎಳೆದ ಕಲ್ಲಿಗೆ ಹಿಂದಿನವನ ಟೈರ್ ಬಲಿ. ನಮ್ಮ ಎದುರಿಗೇ ಏಳನೆಯದೋ ಎಂಟನೆಯದೋ ಕಾರು ಕುಂಟುತ್ತಾ ಬಂತು. ಮುಂದಿನ ಬಲ ಚಕ್ರದಲ್ಲಿ ರಬ್ಬರ್ ಅರ್ಧ ಹೋಗಿ, ರಿಮ್ ನೆಲ ಕೆರೆಯುತ್ತಿತ್ತು. ಸ್ಟೇಜ್ ಮುಗಿಯುವುದು ಹತ್ತಿರವಿದ್ದರೆ ಹಾಗೇ ಓಡಿಸಿಬಿಡುತ್ತಾರಂತೆ. ಇವರಿಗೆ ಇನ್ನೂ ದೂರವಿತ್ತು, ನಿಲ್ಲಿಸಿದರು.

ಆ ಮೂರು ನಿಮಿಷ ನಾನು ಮರೆಯುವುದಿಲ್ಲ. ಇಬ್ಬರೂ ಹೆಲ್ಮೆಟ್ ತೆಗೆಯಲೂ ಇಲ್ಲ. ಒಬ್ಬ ಹಿಂದಿನಿಂದ ಚಕ್ರ ಎಳೆದ, ಇನ್ನೊಬ್ಬ ಜಾಕ್ ತಳ್ಳಿದ. ಒಂದು ಮಾತಿಲ್ಲ. ನಟ್ಟು ಬಿಚ್ಚುವಾಗ ಒಬ್ಬನ ಗ್ಲೌಸ್‌ನಿಂದ ಹೊಗೆ ಬಂದಂತೆ ಕಂಡಿತು, ಅಷ್ಟು ಕಾದಿತ್ತು ರಿಮ್. ಸುಟ್ಟ ರಬ್ಬರ್ ವಾಸನೆ ದಿಬ್ಬದ ಮೇಲಿನವರೆಗೂ ಬಂತು. ಸಹಾಯಕ್ಕೆ ಇಳಿಯಲು ಹೋದ ಭಾವಮೈದನನ್ನು ನಾನು ಕಾಲರ್ ಹಿಡಿದು ಎಳೆದೆ. ಹಿಂದಿನ ಕಾರು ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು. ಬಂದೂ ಬಂತು, ಕೈಯಳತೆ ಬಿಟ್ಟು ಪಕ್ಕಕ್ಕೆ ಸರಿದು ಹೋಯಿತು. ಇವರು ಹರಿದ ಚಕ್ರವನ್ನು ಒಳಗೆ ಎಸೆದು ಹೊರಟೇಬಿಟ್ಟರು. ಬೆಳಗ್ಗೆ ನಾವಿಬ್ಬರು ಜಾಕ್ ಇಡುವ ಜಾಗ ಹುಡುಕಲು ತೆಗೆದುಕೊಂಡ ಸಮಯ ನೆನಪಾಯಿತು.

ಸುಮಾರು ಹತ್ತು ಕಾರು ಆದ ಮೇಲೆ ಕೆಳಗಿನ ತಿರುವಿನಿಂದ ಬೇರೆ ಥರದ ಸದ್ದು ಬಂತು. ಡಬ್ಬ ಉರುಳಿದ ಹಾಗೆ. ಒಂದು ಕಾರು ಅಂಚು ಬಿಟ್ಟು ಕಾಫಿ ಗಿಡಗಳ ಮೇಲೆ ಎರಡು ಪಲ್ಟಿ ಹೊಡೆದಿತ್ತು. ಎಲ್ಲರೂ ಉಸಿರು ಹಿಡಿದು ನಿಂತೆವು. ಸ್ವಲ್ಪ ಹೊತ್ತಿಗೆ ಒಬ್ಬ ಹೊರಗೆ ತೂರಿಕೊಂಡು ಬಂದು ಹಸಿರು ಓಕೆ ಬೋರ್ಡ್ ಎತ್ತಿ ಹಿಡಿದ. ಇನ್ನೊಬ್ಬ ಕೆಂಪು ತ್ರಿಕೋನ ಹಿಡಿದು ಹಿಂದಕ್ಕೆ ಓಡಿದ. ಕಾರಿಗಿಂತ 50 ಮೀಟರ್ ಮೊದಲೇ ಅದನ್ನು ಇಡಬೇಕು ಅನ್ನೋದು ನಿಯಮ. ಯಾರಿಗಾದರೂ ಪೆಟ್ಟಾಗಿದ್ದರೆ ಅದೇ ಬೋರ್ಡಿನ ಇನ್ನೊಂದು ಮಗ್ಗುಲು, ಕೆಂಪು ಎಸ್‌ಒಎಸ್, ತೋರಿಸಬೇಕು. ಅದನ್ನು ಕಂಡ ಹಿಂದಿನ ಕಾರು ರೇಸ್ ಬಿಟ್ಟು ನಿಲ್ಲಲೇಬೇಕು. ಒಳಗಿನ ಪಂಜರದ ಕಂಬಿಗಳು ಅವರನ್ನು ಉಳಿಸಿದ್ದವು. ಪಕ್ಕದಲ್ಲಿದ್ದ ತೋಟದ ಮೇಸ್ತ್ರಿ, "ಗಿಡದ ಮೇಲೆ ಬಿದ್ದ, ಪುಣ್ಯ. ಆ ಕಡೆ ಸಿಲ್ವರ್ ಮರ ಇತ್ತು" ಅಂದರು. ಆಮೇಲೆ ಮುರಿದ ಗಿಡ ಎಷ್ಟು ಅಂತ ಬೆರಳು ಮಡಚಿ ಎಣಿಸತೊಡಗಿದರು.

ಉಳಿದ ವಿಷಯ ಬೇಗ ಹೇಳಿಬಿಡುತ್ತೇನೆ. ರ‍್ಯಾಲಿಯ ವಾರ ಪೇಟೆಯ ಲಾಡ್ಜ್‌ಗಳನ್ನು ತಂಡದವರೇ ಹಿಡಿದಿರುತ್ತಾರೆ. ತಾರೀಖು ಗೊತ್ತಾದ ದಿನವೇ ರೂಮ್ ಹೇಳಿಡಿ, ಇಲ್ಲವಾದರೆ ಬೇಲೂರಿನಲ್ಲಿ ಉಳಿಯಿರಿ, 25 ಕಿಲೋಮೀಟರ್ ಅಷ್ಟೇ. ಬೆಂಗಳೂರಿನಿಂದ ಬರುವವರಿಗೆ ಹಾಸನದ ಮೇಲೆ ಸುಮಾರು 245 ಕಿಲೋಮೀಟರ್. ರೈಲಿನಲ್ಲಾದರೆ ಕಡೂರಿನಲ್ಲಿ ಇಳಿದು 40 ಕಿಲೋಮೀಟರ್ ಬಸ್ಸು. ಆದರೆ ಸ್ಟೇಜ್‌ಗಳಿಗೆ ಸ್ವಂತ ಗಾಡಿ ಇಲ್ಲದೆ ಕಷ್ಟ. ಸ್ಟೇಜ್ ಎಲ್ಲಿ, ಎಷ್ಟು ಹೊತ್ತಿಗೆ ಮುಚ್ಚುತ್ತಾರೆ ಅನ್ನುವುದನ್ನು ಆಯೋಜಕರು ಪ್ರಕಟಿಸುತ್ತಾರೆ, ಒಂದು ಪ್ರಿಂಟ್ ಇಟ್ಟುಕೊಳ್ಳಿ. ಅದೇ ದಿನ ಮುಳ್ಳಯ್ಯನಗಿರಿಯನ್ನೂ ನೋಡಿಬಿಡೋಣ ಅಂತ ಮಾತ್ರ ಹೊರಡಬೇಡಿ, ಎರಡೂ ಕೆಡುತ್ತವೆ. ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಎಲ್ಲಿ ಬೇಕಾದರೂ ಸಿಗುತ್ತದೆ.

ಸಂಜೆ ಚಿಕ್ಕಮಗಳೂರು ಪೇಟೆಯಲ್ಲೇ ಎರಡು ಹೊಸ ಟೈರ್ ಹಾಕಿಸಿದೆ. ಈ ಸಲ ಅಂಕಿ ಓದಿಯೇ ಒಪ್ಪಿದ್ದು. ವಾಪಸ್ ಬರುವಾಗ ಭಾವಮೈದ ಪಕ್ಕ ಕೂತು ನೋಟ್ಸ್ ಓದುವವನ ಥರ ಶುರು ಮಾಡಿದ. "ಎಡಕ್ಕೆ ಮೂರು, ಉದ್ದ. ಐವತ್ತು ಮೀಟರ್. ಬಲಕ್ಕೆ ಐದು, ಎಮ್ಮೆ ಇದೆ ಹುಷಾರು." ಬೇಲೂರು ದಾಟುವಷ್ಟರಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಹಗರೆ ಹತ್ತಿರದ ಆ ಹಂಪನ್ನು ಯಾರೂ ಕೂಗಿ ಹೇಳಬೇಕಾಗಿರಲಿಲ್ಲ. ಸೆಕೆಂಡ್ ಗೇರ್‌ಗೆ ಇಳಿಸಿ ಮೆಲ್ಲಗೆ ದಾಟಿಸಿದೆ.