ಪ್ರತಿ ಸಲವೂ ಬೀಳಬೇಕಿದ್ದ ಡಾರ್ಕ್‌ಸೈಡ್

"ಮಕ್ಕಳು ಇದನ್ನಿಟ್ಟುಕೊಂಡು ಚೆನ್ನಾಗಿ ಆಡಿದ್ದಾರೆ. ಇದಕ್ಕೇನೂ ಬರುವುದಿಲ್ಲ."

ಶನಿವಾರದಿಂದ ಈ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ. ಹೇಳಿದವನು ಹಳೆಯ ಆಟಿಕೆಗಳ ಮೇಳದಲ್ಲಿ ನನ್ನ ಜೊತೆಗೆ ಮೇಜು ಹಂಚಿಕೊಳ್ಳುವ ವ್ಯಾಪಾರಿ. ಕೇಳಿಸಿಕೊಂಡವರು ಐವತ್ತರ ಆಸುಪಾಸಿನ ಹೆಂಗಸು. ಅವರ ಕೈಯಲ್ಲಿ ಒಂದು ಹಳೆಯ ಶೂ ಪೆಟ್ಟಿಗೆ ಇತ್ತು, ಅದರಲ್ಲಿ ಕಾಮಿಕ್ಸ್ ಪಾತ್ರಗಳ ಬೊಂಬೆಗಳಿದ್ದವು: ನಾಯಕ ಸೂಪರ್‌ಮ್ಯಾನ್, ಖಳರಾದ ಪೆಂಗ್ವಿನ್, ಬ್ರೇನಿಯಾಕ್ ಮತ್ತು ಡಾರ್ಕ್‌ಸೈಡ್. ಆತ ಡಾರ್ಕ್‌ಸೈಡನ್ನು ಎರಡು ಬೆರಳಿನಲ್ಲಿ ಎತ್ತಿ, ತಲೆಯನ್ನು ಆಚೀಚೆ ತಿರುಗಿಸಿ, ಆ ಮಾತು ಹೇಳಿ ಕೆಳಗಿಟ್ಟ. ಒಳ್ಳೆಯ ಕಣ್ಣಿರುವ ಮನುಷ್ಯ, ಬೊಂಬೆಗಳ ಬಗ್ಗೆ ಅವನಿಗೆ ತಿಳಿದಷ್ಟು ನನಗೆ ತಿಳಿಯದು. ಆದರೆ ಎದುರಿಗೆ ನಿಂತವರ ಮುಖ ನೋಡುವ ಅಭ್ಯಾಸ ಅವನಿಗಿಲ್ಲ.

ಅಮೆರಿಕದ ಸಿನ್ಸಿನಾಟಿಯಲ್ಲಿ ಹಳೆಯ ಆಟಿಕೆಗಳ ಮೇಳಕ್ಕೆ ಇಂಥ ಪೆಟ್ಟಿಗೆಗಳು ಬರುವುದು ಸಹಜ. ಇದು ಆಟಿಕೆ ತಯಾರಿಸುತ್ತಿದ್ದ ಕೆನ್ನರ್ ಕಂಪನಿಯ ಊರು. 1978ರಲ್ಲಿ ಸ್ಟಾರ್ ವಾರ್ಸ್ ಬೊಂಬೆಗಳನ್ನು ಮಾರುಕಟ್ಟೆಗೆ ತಂದವರು ಇವರೇ, 1984ರಿಂದ 1986ರವರೆಗೆ ಡಿಸಿ ಕಾಮಿಕ್ಸ್‌ನ ಪಾತ್ರಗಳನ್ನು 'ಸೂಪರ್ ಪವರ್ಸ್' ಸಾಲಿನಲ್ಲಿ ಹೊರತಂದವರೂ ಇವರೇ. 1991ರಲ್ಲಿ ಕೆನ್ನರ್ ಇನ್ನೊಂದು ಆಟಿಕೆ ಕಂಪನಿಯಾದ ಹ್ಯಾಸ್‌ಬ್ರೊ ಪಾಲಾಯಿತು, 2000ದಲ್ಲಿ ಇಲ್ಲಿನ ಕಚೇರಿಯೂ ಮುಚ್ಚಿತು. ಬೊಂಬೆಗಳು ಮಾತ್ರ ಅಟ್ಟದ ಮೇಲೆ ಉಳಿದವು.

ನಾನು ಸಂಗ್ರಹಿಸುವುದು ಖಳನಾಯಕರನ್ನು ಮಾತ್ರ. ಹಾಗಾಗಿ ಲೆಕ್ಸ್ ಲೂಥರ್, ಜೋಕರ್, ಬ್ರೇನಿಯಾಕ್ ಯಾರೇ ಬಂದರೂ ಮೊದಲು ನನ್ನ ಕಡೆ ತಳ್ಳುತ್ತಾರೆ. ಬೆಲೆ ಕಟ್ಟುವುದಕ್ಕೆ ಒಂದು ಕ್ರಮವಿದೆ. ತೆರೆಯದ ಪ್ಯಾಕೆಟ್ ಆದರೆ ಹಿಂದಿನ ಕಾರ್ಡ್, ಮೇಲಿನ ಪ್ಲಾಸ್ಟಿಕ್ ಗುಳ್ಳೆ, ಒಳಗಿನ ಬೊಂಬೆ, ಮೂರನ್ನೂ ಬೇರೆಬೇರೆಯಾಗಿ ನೋಡಬೇಕು. ಕಾರ್ಡಿನ ಮೂಲೆ ಮಡಿಚಿದೆಯೇ, ಬೆಲೆಚೀಟಿ ಕಿತ್ತ ಗುರುತಿದೆಯೇ, ನೇತುಹಾಕುವ ತೂತಿನ ತುಂಡು ಇನ್ನೂ ಅಲ್ಲೇ ಇದೆಯೇ, ಗುಳ್ಳೆ ಹಳದಿಯಾಗಿದೆಯೇ. ದರ್ಜೆ ಕೊಡುವುದಕ್ಕೆಂದೇ ಸಂಸ್ಥೆಗಳಿವೆ. ಅವರು ನೂರಕ್ಕೆ ಇಷ್ಟು ಎಂದು ಅಂಕ ಹಾಕಿ, ಗಟ್ಟಿ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತಾರೆ. ಒಂದೈದು ಅಂಕ ಹೆಚ್ಚು ಕಡಿಮೆಯಾದರೂ ಬೆಲೆ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಬಿಡಿ ಬೊಂಬೆಯಾದರೆ ಕೀಲು ಸಡಿಲವಾಗಿದೆಯೇ ಎಂದು ನೋಡಬೇಕು. ಸೂಪರ್ ಪವರ್ಸ್ ಬೊಂಬೆಗಳ ವಿಶೇಷವೇ ಒಳಗಿನ ಯಂತ್ರ: ಕೆಲವರ ಕಾಲು ಒತ್ತಿದರೆ ಕೈ ಎದ್ದು ಗುದ್ದುತ್ತದೆ, ಕೆಲವರ ಕೈ ಒತ್ತಿದರೆ ಕಾಲು ಒದೆಯುತ್ತದೆ. ನಲವತ್ತು ವರ್ಷದ ಮೇಲೂ ಅದು ಕೆಲಸ ಮಾಡಿದರೆ ನನಗೆ ಈಗಲೂ ಸಂತೋಷವಾಗುತ್ತದೆ. ಕೊಡೆಯಿಲ್ಲದ ಪೆಂಗ್ವಿನ್ ಅರ್ಧ ಬೆಲೆಗೂ ಹೋಗುವುದಿಲ್ಲ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ರ ಬಟ್ಟೆಯ ಮೇಲಂಗಿಗಳು ಮೊದಲು ಕಳೆದುಹೋಗುವ ವಸ್ತುಗಳು, ಈಗ ಅವುಗಳ ನಕಲು ಧಾರಾಳವಾಗಿ ಸಿಗುತ್ತವೆ. ನಕಲನ್ನು ಅಸಲಿ ಎಂದು ಮಾರುವವರನ್ನು ನಾನು ಪಕ್ಕಕ್ಕೂ ಸೇರಿಸುವುದಿಲ್ಲ. ಬ್ರೇನಿಯಾಕನ ಮೈಗೆ ಬೆಳ್ಳಿಯಂಥ ಹೊಳಪಿನ ಲೇಪವಿದೆ, ಬೆರಳು ತಾಕಿ ತಾಕಿ ಅದು ಹೋಗಿಬಿಡುತ್ತದೆ. ಆ ಹೆಂಗಸಿನ ಪೆಟ್ಟಿಗೆಯಲ್ಲಿದ್ದವನಿಗೂ ಎದೆಯ ಮೇಲೆ ಹೊಳಪು ಮಾಸಿತ್ತು.

ಯಾವ ದರ್ಜೆಪಟ್ಟಿಯಲ್ಲೂ ಇಲ್ಲದ ಒಂದು ವಿಷಯವನ್ನು ನಾನು ನೋಡುತ್ತಾ ಬಂದಿದ್ದೇನೆ. ನಾಯಕರ ಬಣ್ಣ ಸಾಮಾನ್ಯವಾಗಿ ಮುಂದೆ ಸವೆದಿರುತ್ತದೆ, ಮುಷ್ಟಿಯಲ್ಲಿ, ಬೂಟಿನ ತುದಿಯಲ್ಲಿ. ಖಳರ ಬಣ್ಣ ಹಿಂದೆ ಸವೆದಿರುತ್ತದೆ, ಹಿಂದಲೆಯಲ್ಲಿ, ಬೆನ್ನಿನಲ್ಲಿ, ಹಿಮ್ಮಡಿಯಲ್ಲಿ. ಹೊಡೆಯುವವನು ಒಬ್ಬ, ಅಂಗಾತ ಬೀಳುವವನು ಇನ್ನೊಬ್ಬ. ಆ ಡಾರ್ಕ್‌ಸೈಡ್‌ನ ಹಿಂದಲೆ ಪೂರ್ತಿ ಸವೆದಿತ್ತು. ವ್ಯಾಪಾರಿ 'ಆಡಿದ್ದಾರೆ' ಎಂದದ್ದು ಅದನ್ನು ನೋಡಿಯೇ.

ಆ ಹೆಂಗಸು ಬೇಸರಪಟ್ಟುಕೊಳ್ಳಲಿಲ್ಲ. ತಾವೇ ಹಾಳು ಮಾಡಿದ್ದಕ್ಕೆ ವಿವರಣೆ ಕೊಡುವವರಂತೆ ಹೇಳಿದರು: "ಅಣ್ಣ ಯಾವಾಗಲೂ ಸೂಪರ್‌ಮ್ಯಾನ್. ನನ್ನ ಪಾಲಿಗೆ ಇವನೇ. ಪ್ರತಿ ಸಲವೂ ನಾನೇ ಬೀಳಬೇಕಿತ್ತು."

ಪ್ರತಿ ಸಲವೂ ನಾನೇ ಬೀಳಬೇಕಿತ್ತು. ಈ ವಾರವಿಡೀ ಆ ಎರಡು ಮಾತುಗಳು ಒಂದರ ಹಿಂದೆ ಒಂದು ಬರುತ್ತಿವೆ, ಮೊದಲು ಅವನದು, ಆಮೇಲೆ ಇವರದು. ಲೋಕದಲ್ಲಿ ಎಷ್ಟು ಮನೆಗಳಲ್ಲಿ ಖಳನಾಯಕರು ಹೀಗೆ ಚಿಕ್ಕವರ ಕೈಗೆ ಬಂದಿರಬೇಡ! ಆಟದ ನಿಯಮ ಮಾಡುವವರು ದೊಡ್ಡವರು, ನಾಯಕನನ್ನು ಹಿಡಿಯುವವರೂ ಅವರೇ. ತಮ್ಮನೋ ತಂಗಿಯೋ ಪಕ್ಕದ ಮನೆಯ ಮಗುವೋ ಖಳನನ್ನು ಹಿಡಿದುಕೊಂಡು ಕೂರಬೇಕು, ಗುದ್ದಿದಾಗ ಬೀಳಬೇಕು, ಕೂಗಬೇಕು, ಮತ್ತೆ ಎತ್ತಿ ನಿಲ್ಲಿಸಬೇಕು. ಆ ಮಗು ಬೇಡವೆಂದು ಎದ್ದು ಹೋದರೆ ಆಟವೇ ಇಲ್ಲ. ಆಟವನ್ನು ನಡೆಸಿದ್ದು ಆ ಕೈ. ಅದರ ಗುರುತನ್ನೇ ನಾವು ದೋಷವೆಂದು ಬರೆದು ಅಂಕ ಕಳೆಯುತ್ತೇವೆ. ಇದು ನನಗೆ ಸರಿ ಕಾಣುವುದಿಲ್ಲ.

ನನ್ನೂರು ಕರಾವಳಿ. ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷಕ್ಕೆ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಡುತ್ತಾರೆ, ತೆರೆಯ ಹಿಂದಿನಿಂದಲೇ ಅವನ ಆರ್ಭಟ ಕೇಳಿಸುತ್ತಾರೆ. ಬೆಳಗಿನ ಜಾವ ಅವನು ಸಾಯುವುದು ಎಲ್ಲರಿಗೂ ಗೊತ್ತು, ಆದರೂ ಜನ ಕಾಯುವುದು ಅವನ ಪ್ರವೇಶಕ್ಕೆ. ಸೋಲುವವನಿಗೆ ಅಷ್ಟು ಗೌರವ ಕೊಡುವುದನ್ನು ನೋಡಿ ಬೆಳೆದ ನನಗೆ ಖಳರನ್ನು ಸಂಗ್ರಹಿಸುವುದು ವಿಚಿತ್ರವೆಂದು ಎಂದೂ ಅನಿಸಿಲ್ಲ.

ಡಾರ್ಕ್‌ಸೈಡ್ ವಿಷಯದಲ್ಲಿ ನನಗೆ ಇನ್ನೂ ಒಂದು ಕಾರಣವಿದೆ, ಅವನನ್ನು ಸೃಷ್ಟಿಸಿದ ಕಾಮಿಕ್ಸ್ ಚಿತ್ರಕಾರ ಜ್ಯಾಕ್ ಕರ್ಬಿ. ನ್ಯೂಯಾರ್ಕಿನ ಬಡ ಯಹೂದಿ ವಲಸೆಗಾರರ ಮಗ, ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಕಾದಾಡಿ ಬಂದವರು. ಮಾರ್ವೆಲ್ ಎಂಬ ಕಾಮಿಕ್ಸ್ ಕಂಪನಿಯಲ್ಲಿ ಬರಹಗಾರ ಸ್ಟ್ಯಾನ್ ಲೀ ಜೊತೆ ಡಾಕ್ಟರ್ ಡೂಮ್, ಮ್ಯಾಗ್ನೆಟೊ, ಗ್ಯಾಲಕ್ಟಸ್ ಎಂಬ ಖಳರನ್ನು ಸೃಷ್ಟಿಸಿದವರು. ಆ ಪಾತ್ರಗಳ ಒಡೆತನ ಅವರಿಗೆ ದಕ್ಕಲಿಲ್ಲ, ತಾವೇ ಬರೆದ ಮೂಲ ಚಿತ್ರಗಳನ್ನು ಮರಳಿ ಪಡೆಯಲು ಎಂಬತ್ತರ ದಶಕದಲ್ಲಿ ಹೋರಾಡಬೇಕಾಯಿತು. 1970ರಲ್ಲಿ ಡಿಸಿಗೆ ಬಂದು ಡಾರ್ಕ್‌ಸೈಡನ್ನು ಸೃಷ್ಟಿಸಿದರು, ಎಲ್ಲ ಜೀವಿಗಳ ಸ್ವಂತ ಇಚ್ಛೆಯನ್ನೇ ಅಳಿಸಿಹಾಕಲು ಹೊರಟ ದೊರೆ. ಯುದ್ಧ ಕಂಡವರಿಗೆ ಇಂಥವನನ್ನು ಕಲ್ಪಿಸಿಕೊಳ್ಳಲು ದೂರ ಹೋಗಬೇಕಿರಲಿಲ್ಲ. ಕೆನ್ನರ್ ಬೊಂಬೆಗಳು ಬರುವ ಹೊತ್ತಿಗೆ ಡಿಸಿಯವರು ಒಂದು ಒಳ್ಳೆಯ ಕೆಲಸ ಮಾಡಿದರು. ಡಾರ್ಕ್‌ಸೈಡ್ ಮತ್ತು ಅವನ ಜೊತೆಯ ಪಾತ್ರಗಳನ್ನು ಕರ್ಬಿಯಿಂದಲೇ ಹೊಸದಾಗಿ ವಿನ್ಯಾಸ ಮಾಡಿಸಿ, ಅದರ ಮೇಲೆ ಅವರಿಗೆ ಗೌರವಧನ ಸಿಗುವಂತೆ ನೋಡಿಕೊಂಡರು. ಜೀವಮಾನವಿಡೀ ಗೆಲ್ಲುವ ನಾಯಕರನ್ನು ಬರೆದ ಮನುಷ್ಯನಿಗೆ, ಆ ಬೊಂಬೆಗಳ ಸಾಲಿನಲ್ಲಿ ಈ ಬೀಳುವವನೂ ಸಂಪಾದಿಸಿಕೊಟ್ಟ. ಆ ಹುಡುಗಿಗೆ ಯಾರೋ ಕೊಡಿಸಿದ ಡಾರ್ಕ್‌ಸೈಡ್‌ನ ಬೆಲೆಯಲ್ಲೂ ಒಂದು ಚೂರು ಅವರಿಗೆ ಹೋಗಿರಬೇಕು ಎಂದುಕೊಂಡರೆ ನನಗೆ ಸಮಾಧಾನ.

ಇದನ್ನೆಲ್ಲ ಅವರಿಗೆ ಹೇಳಿದೆ. ಬೊಂಬೆಯನ್ನು ಬೆಳಕಿನ ಕಡೆ ತಿರುಗಿಸಿ, ಕೆಂಪು ಕಣ್ಣು ಹೊಳೆಯುವುದನ್ನೂ ತೋರಿಸಿದೆ. ಅವರು ಗಮನವಿಟ್ಟು ಕೇಳಿದರು. ಇನ್ನು ಇವರು ಇವನನ್ನು ಮನೆಗೆ ಕೊಂಡೊಯ್ಯುತ್ತಾರೆ ಎಂದು ನಾನು ಎಣಿಸಿದ್ದೆ. ಅವರು ಹೇಳಿದ್ದೇ ಬೇರೆ. "ನನಗೆ ಇವನನ್ನು ಕಂಡರೆ ಆಗುತ್ತಲೇ ಇರಲಿಲ್ಲ. ನೀವೇ ಇಟ್ಟುಕೊಳ್ಳಿ. ಇದೊಂದನ್ನು ಮಾರುವುದಿಲ್ಲ" ಎಂದು ಪೆಟ್ಟಿಗೆಯಿಂದ ಸೂಪರ್‌ಮ್ಯಾನನ್ನು ತೆಗೆದುಕೊಂಡು ಕೈಚೀಲಕ್ಕೆ ಹಾಕಿಕೊಂಡರು. ಅಣ್ಣ ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲವಂತೆ. ಮೇಲಂಗಿ ಇಲ್ಲದ, ವ್ಯಾಪಾರಿಯ ಪ್ರಕಾರ ಕೆಲವೇ ಡಾಲರ್ ಬಾಳುವ ಸೂಪರ್‌ಮ್ಯಾನ್. ಅವರು ಮಾಡಿದ್ದೇ ನ್ಯಾಯ. ಖಳನ ಮೇಲೆ ನನಗಿರುವ ಅಕ್ಕರೆಯನ್ನು, ಅವನನ್ನು ಒತ್ತಾಯಕ್ಕೆ ಹಿಡಿಯಬೇಕಾಗಿ ಬಂದವರ ಮೇಲೆ ಹೇರುವ ಹಕ್ಕು ನನಗಿಲ್ಲ.

ಡಾರ್ಕ್‌ಸೈಡ್‌ಗೆ, ಸವೆಯದ ಬಿಡಿ ಬೊಂಬೆಗೆ ನಮ್ಮ ಮೇಜಿನಲ್ಲಿ ಎಷ್ಟು ಕೊಡುತ್ತೇವೋ ಅಷ್ಟೇ ಕೊಟ್ಟೆ. ವ್ಯಾಪಾರಿ ಹುಬ್ಬು ಗಂಟಿಕ್ಕಿದ. ಮುಂದಿನ ಮೇಳದಲ್ಲಿ ಇದನ್ನು ಅಕ್ರಿಲಿಕ್ ಪೆಟ್ಟಿಗೆಗಳ ಪಕ್ಕದಲ್ಲಿ ಇಡಬೇಡ, ಇಡೀ ಮೇಜಿನ ಬೆಲೆ ಇಳಿಯುತ್ತದೆ ಎಂದು ಆಗಲೇ ಹೇಳಿದ್ದಾನೆ. ಇಡುತ್ತೇನೆ, ಸವೆದ ಹಿಂದಲೆಯನ್ನೇ ಜನರ ಕಡೆಗೆ ತಿರುಗಿಸಿ. ಮಾರುವುದಕ್ಕಲ್ಲ ಎಂದು ಚೀಟಿ ಅಂಟಿಸುತ್ತೇನೆ. ಬೇಕಾದರೆ ಅವನು ತನ್ನ ಮೇಜನ್ನು ಬೇರೆ ಮಾಡಿಕೊಳ್ಳಲಿ.