ಉಳಿದ ಒಂಬತ್ತು ಪಾಲು

ಚಿಕ್ಕಮ್ಮ ಚಪ್ಪಲಿ ಬಿಟ್ಟಾಗಲೇ ನಾನು ಏನಾದರೂ ಹೇಳಬೇಕಿತ್ತು.

ಮೊನ್ನೆ ಮಂಗಳವಾರ, ಇಸ್ತಾಂಬುಲ್‌ನಲ್ಲಿ ಹಿಂದೆ ರಥಗಳ ಪಂದ್ಯ ನಡೆಯುತ್ತಿದ್ದ ಚೌಕದಲ್ಲಿದ್ದೆವು. ಕಬ್ಬಿಣದ ಬೇಲಿಯೊಳಗೆ, ಈಗಿನ ನೆಲಕ್ಕಿಂತ ತಗ್ಗಿನ ಗುಂಡಿಯಲ್ಲಿ, ಹಸಿರುಗಟ್ಟಿದ ಕಂಚಿನ ಕಂಬವೊಂದು ನಿಂತಿದೆ. ಮೂರು ಹಾವುಗಳು ಹಗ್ಗ ಹೊಸೆದಂತೆ ಒಂದಕ್ಕೊಂದು ಸುತ್ತಿಕೊಂಡಿವೆ. ತಲೆಗಳು ಮಾತ್ರ ಇಲ್ಲ. ಚಿಕ್ಕಮ್ಮನಿಗೆ ಅದು ಅಶ್ವತ್ಥಕಟ್ಟೆಯ ನಾಗರಕಲ್ಲೇ. ಕಣ್ಣು ಮುಚ್ಚಿ ಕೈಮುಗಿದರು. ಗೈಡ್ ಹುಡುಗ ಗಡಿಯಾರ ನೋಡಿಕೊಂಡ. ಅವನಿಗೆ ಇತಿಹಾಸವೆಂದರೆ ನಮ್ಮನ್ನು ಹೊತ್ತಿಗೆ ಸರಿಯಾಗಿ ಊಟಕ್ಕೆ, ಊಟವಾದ ಮೇಲೆ ಚರ್ಮದ ಅಂಗಡಿಗೆ ಮುಟ್ಟಿಸುವುದು.

"ಯಾವ ದೇವರದಮ್ಮಾ ಇದು?"

"ಅಪೊಲೊನದು ಚಿಕ್ಕಮ್ಮ. ಗ್ರೀಸಿನ ಡೆಲ್ಫಿ ಗುಡಿಯಲ್ಲಿತ್ತು. ಪರ್ಷಿಯದವರನ್ನು ಗೆದ್ದದ್ದಕ್ಕೆ ಒಪ್ಪಿಸಿದ ಕಾಣಿಕೆ. ಲೂಟಿಯಲ್ಲಿ ಹತ್ತರಲ್ಲಿ ಒಂದು ಪಾಲು."

ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದರು: "ಉಳಿದ ಒಂಬತ್ತು ಪಾಲು?"

"ಹಂಚಿಕೊಂಡರು. ಚಿನ್ನ, ಕುದುರೆ, ಒಂಟೆ..." ಎಂದೆ. ಅಲ್ಲಿಗೆ ನಿಲ್ಲಿಸಿದೆ.

ಆ ನಿಲ್ಲಿಸಿದ್ದೇ ಈಗ ಕೊರೆಯುತ್ತಿದೆ. ಯಾಕೆಂದರೆ ಪಟ್ಟಿ ನನಗೆ ಗೊತ್ತಿತ್ತು. ಕ್ರಿ.ಪೂ. 479ರಲ್ಲಿ ಗ್ರೀಕರು ಗೆದ್ದ ಪ್ಲಟೀಯದ ಕಾಳಗ ಮುಗಿದ ಮೇಲೆ ಪರ್ಷಿಯನ್ನರ ಪಾಳೆಯದಲ್ಲಿ ಸಿಕ್ಕಿದ್ದನ್ನು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಸಾವಕಾಶವಾಗಿ ಎಣಿಸುತ್ತಾನೆ. ಚಿನ್ನ ಬೆಳ್ಳಿಯಿಂದ ಸಿಂಗರಿಸಿದ ಡೇರೆಗಳು, ಚಿನ್ನದ ಲೇಪದ ಮಂಚಗಳು, ಬಟ್ಟಲುಗಳು. ಡೆಲ್ಫಿಯ ದೇವರಿಗೆ ಹತ್ತನೆಯ ಪಾಲು ಎತ್ತಿಟ್ಟರು. ಒಲಿಂಪಿಯದ ಸ್ಯೂಸ್‌ಗೂ ಕೊರಿಂಥ್ ಬಳಿಯ ಪೊಸೈಡನ್‌ಗೂ ಬೇರೆ ತೆಗೆದರು. ಆಮೇಲೆ ಮಿಕ್ಕವರ ಸರದಿ. ಗ್ರೀಕರ ಸೇನಾಪತಿ, ಸ್ಪಾರ್ಟದ ಪೌಸೇನಿಯಸ್‌ಗೆ ಪ್ರತಿಯೊಂದರಲ್ಲೂ ಹತ್ತು ಹತ್ತು: ಹೆಂಗಸರು, ಕುದುರೆಗಳು, ಹಣ, ಒಂಟೆಗಳು. ಪಟ್ಟಿಯ ಮೊದಲ ಪದವನ್ನೇ ನಾನು ನುಂಗಿದ್ದೆ. ಕೈಮುಗಿದು ನಿಂತಿದ್ದವರ ಮುಂದೆ ಅದನ್ನು ಹೇಳಲು ಬಾಯಿ ಬರಲಿಲ್ಲ.

ಅದೇ ಪಾಳೆಯದಿಂದ ಒಬ್ಬಳು ಓಡಿ ಬಂದಿದ್ದಳು. ಕಾಸ್ ದ್ವೀಪದ ಹೆಣ್ಣು. ಪರ್ಷಿಯದ ಸರದಾರನೊಬ್ಬ ಬಲವಂತವಾಗಿ ಹೊತ್ತೊಯ್ದಿದ್ದ. ಗೆದ್ದವರು ಯಾರೆಂದು ತಿಳಿದೊಡನೆ ಇದ್ದ ಒಡವೆಯನ್ನೆಲ್ಲ ಹೇರಿಕೊಂಡು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಬಂದು ಪೌಸೇನಿಯಸ್‌ನ ಮೊಣಕಾಲು ಹಿಡಿದಳು. ಅವಳ ಅಪ್ಪ ಅವನಿಗೆ ಬೇಕಾದವನಾಗಿದ್ದ, ಬದುಕಿಕೊಂಡಳು. ಹಾಗೆ ಹೇಳಿಕೊಳ್ಳಲು ಅಪ್ಪನಿಲ್ಲದವರು ಒಂಟೆಗಳ ಜೊತೆ ಎಣಿಕೆಯಾದರು.

ಪೌಸೇನಿಯಸ್ ಎಂಥವನೆಂದರೆ, ದೇವರ ಕಾಣಿಕೆಯ ಮೇಲೆ ತನ್ನದೊಂದೇ ಹೆಸರು ಕೆತ್ತಿಸಿದ. ಸ್ಪಾರ್ಟದವರೇ ಅದನ್ನು ಅಳಿಸಿ, ಹೋರಾಡಿದ ಊರುಗಳ ಹೆಸರು ಹಾಕಿಸಿದರು. ಹಾವಿನ ಸುರುಳಿಗಳ ಮೇಲೆ 31 ಊರುಗಳಿವೆ. ದೇವರೂ ಕಡಿಮೆಯವನಲ್ಲ. ಯುದ್ಧಕ್ಕೆ ಮುಂಚೆ ಅಥೆನ್ಸಿನವರು ಕಣಿ ಕೇಳಲು ಹೋದಾಗ, ಊರು ಬಿಟ್ಟು ಓಡಿಹೋಗಿ ಎಂದು ಹೆದರಿಸಿದ್ದು ಇದೇ ಡೆಲ್ಫಿ. ಗೆದ್ದ ಮೇಲೆ ಪಾಲು ತೆಗೆದುಕೊಂಡದ್ದೂ ಇದೇ. ಅವನು ಪಾಲು ಮುಟ್ಟಿದ ಮೇಲೆ ಉಳಿದ ಒಂಬತ್ತನ್ನು ಲೂಟಿ ಎಂದು ಯಾರು ಕರೆಯುತ್ತಾರೆ?

ಕಂಬದ ನೆತ್ತಿಯ ಮೇಲೆ ಚಿನ್ನದ ಮುಕ್ಕಾಲಿ ಇತ್ತು. ನೂರಿಪ್ಪತ್ತು ವರ್ಷ ಕಳೆಯಿತು, ಡೆಲ್ಫಿಯನ್ನು ಹಿಡಿದ ನೆರೆಯ ಫೋಕಿಸ್ ನಾಡಿನವರು ಕೂಲಿ ಸೈನಿಕರ ಸಂಬಳಕ್ಕೆ ಗುಡಿಯ ಚಿನ್ನಕ್ಕೆ ಕೈಹಾಕಿದರು, ಮುಕ್ಕಾಲಿಯೂ ಹೋಯಿತು. ದೇವರ ಸೊತ್ತು ಕದ್ದವರನ್ನು ಶಿಕ್ಷಿಸುತ್ತೇನೆಂದು ಮ್ಯಾಸಿಡೋನಿಯದ ದೊರೆ ಫಿಲಿಪ್ ಒಳಗೆ ಬಂದ. ಕ್ರಿ.ಪೂ. 346ರಲ್ಲಿ ಫೋಕಿಸ್ ಶರಣಾಯಿತು, ಡೆಲ್ಫಿಯ ಆಡಳಿತ ಮಂಡಳಿಯಲ್ಲಿ ಅವರಿಗಿದ್ದ ಎರಡು ಮತಗಳು ಫಿಲಿಪ್‌ಗೆ ಸಿಕ್ಕವು. ಎಂಟು ವರ್ಷದಲ್ಲಿ ಅಥೆನ್ಸೂ ಅವನ ಮುಂದೆ ಸೋತಿತು. ಇನ್ನೂ ಆರೂವರೆ ಶತಮಾನಗಳ ನಂತರ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ತನ್ನ ಹೊಸ ರಾಜಧಾನಿಯಾದ ಈ ಊರಿನ ಸೊಗಸಿಗೆಂದು ಕಂಬವನ್ನೇ ಕೀಳಿಸಿ ತಂದ.

ಮರುದಿನ ವಸ್ತುಸಂಗ್ರಹಾಲಯದಲ್ಲಿ ಒಂದು ಹಾವಿನ ಮೇಲ್ದವಡೆ ನೋಡಿದೆವು. ತಲೆಗಳಲ್ಲಿ ಉಳಿದಿರುವುದು ಅಷ್ಟೇ. ಚಿಕ್ಕಮ್ಮ ಗಾಜಿನ ಹತ್ತಿರ ಮುಖ ಒಯ್ದು, "ಅಯ್ಯೋ, ಪಾಪ" ಎಂದರು. ಈಗಲಾದರೂ ಹೇಳಿಬಿಡೋಣ ಎಂದುಕೊಂಡೆ. ಹೇಳಲಿಲ್ಲ.

ರಾತ್ರಿ ಅವರು ಊರಿಗೆ ಫೋನ್ ಮಾಡಿ, ಇಲ್ಲಿಯೂ ನಾಗಪ್ಪನ ದರ್ಶನವಾಯಿತು, ಎಲ್ಲ ಇವಳೇ ಬಿಡಿಸಿ ಹೇಳಿದಳು ಎಂದು ತಂಗಿಯ ಹತ್ತಿರ ಹೊಗಳುತ್ತಿದ್ದರು. ನಾನು ನಿದ್ದೆ ಬಂದವಳಂತೆ ಗೋಡೆಯ ಕಡೆಗೆ ಮಗ್ಗುಲಾದೆ.